ಗರಬಾ ಸುತ್ತಿದ ಷೇರುಪೇಟೆ

ಹೆಂಡತಿಯ ಮಣಿಕಟ್ಟಿನ ನೋವಿಗೆಂದು ನಾನು ಸಾಫ್ಟ್‌ವೇರ್ ಕೊಂಡೆನೆಂದರೆ ನಮ್ಮ ರಾಜಕೋಟಿನಲ್ಲಿ ಒಬ್ಬರೂ ನಂಬುವುದಿಲ್ಲ. ನೀವಾದರೂ ನಂಬಿ.

ನನ್ನವಳು ಭಾನು ಮನೆಯಲ್ಲೇ ಖಾಖರಾ ಮಾಡಿ ಮಾರುತ್ತಾಳೆ. ಹಪ್ಪಳದಂಥ ಆ ರೊಟ್ಟಿಯನ್ನು ಕಾವಲಿಯ ಮೇಲೆ ಮರದ ಹಿಡಿಯಿಂದ ಒತ್ತಿ ಒತ್ತಿ ಗರಿಗರಿ ಮಾಡಬೇಕು. ಒತ್ತಿ ಒತ್ತಿ ಅವಳ ಬಲಗೈ ಊದಿಕೊಂಡಿತ್ತು. ಖಾಖರಾ ಸುಡುವ ಯಂತ್ರಕ್ಕೆಂದು ಅವಳು ಕೂಡಿಟ್ಟ ಹಣವೆಲ್ಲ ಔಷಧ ಕಂಪನಿಯೊಂದರ ಷೇರುಗಳಲ್ಲಿತ್ತು. (ನಮ್ಮ ಓಣಿಯ ಹೆಂಗಸರು ಹಣವನ್ನು ಷೇರಿನಲ್ಲಿಡುತ್ತಾರೆ; ಸಾಸಿವೆ ಡಬ್ಬಿಯಲ್ಲಿ ಸಾಸಿವೆ ಮಾತ್ರ ಇರುತ್ತದೆ.) ಯಂತ್ರಕ್ಕೆ ಇನ್ನೂ ಸ್ವಲ್ಪ ಕಡಿಮೆ ಬೀಳುತ್ತಿತ್ತು. ದಿನಾ ರಾತ್ರಿ ಅವಳ ಕೈಗೆ ಎಣ್ಣೆ ತಿಕ್ಕುತ್ತಾ ಆ ಕೊರತೆ ತುಂಬುವ ದಾರಿ ಹುಡುಕುತ್ತಿದ್ದೆ.

ಆಗ ಕಣ್ಣಿಗೆ ಬಿತ್ತು ಆ ದಿವ್ಯ ತಂತ್ರಾಂಶ. ಪೇಟೆಯ ಹಣ ಒಂದು ಕಡೆ ನಿಲ್ಲುವುದಿಲ್ಲವಂತೆ. ಬ್ಯಾಂಕುಗಳಿಂದ ಔಷಧಕ್ಕೆ, ಔಷಧದಿಂದ ಉಕ್ಕಿಗೆ ಸುತ್ತುತ್ತಲೇ ಇರುತ್ತದಂತೆ. ಪರದೆಯ ಮೇಲೆ ನಾಲ್ಕು ಕೋಣೆ: ಚೇತರಿಕೆ, ಮುನ್ನಡೆ, ಸುಸ್ತು, ಹಿನ್ನಡೆ. ಒಂದೊಂದು ಉದ್ಯಮಕ್ಕೂ ಒಂದು ಚುಕ್ಕಿ, ಚುಕ್ಕಿಗೊಂದು ಬಾಲ. ಚುಕ್ಕಿ ಕೋಣೆಯಿಂದ ಕೋಣೆಗೆ ಸುತ್ತು ಹಾಕುತ್ತದೆ. ಮುನ್ನಡೆಗೆ ಕಾಲಿಡುವ ಮೊದಲೇ ಅದನ್ನು ಹಿಡಿದವನೇ ಜಾಣ.

ನವರಾತ್ರಿ ನಡೆಯುತ್ತಿತ್ತು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಕೆಳಗೆ ಅಂಗಳದಲ್ಲಿ ನಮ್ಮ ವಠಾರದವರೆಲ್ಲ ದೀಪದ ಸುತ್ತ ಗರಬಾ ಆಡುತ್ತಿದ್ದರು. ಕೆಳಗೆ ನೋಡಿದೆ, ಪರದೆ ನೋಡಿದೆ. ಆಹಾ, ಜ್ಞಾನೋದಯ!

"ಭಾನು, ಬಾ ಇಲ್ಲಿ! ಪೇಟೆ ಗರಬಾ ಆಡ್ತಿದೆ ನೋಡು!"

"ಎಣ್ಣೆ ಕಾದಿದೆ ರೀ. ಬೇಗ ಹೇಳಿ."

"ಹೆಂಗಸರು ಹೇಗೆ ಸುತ್ತುತ್ತಿದಾರೋ ಹಾಗೇ ಈ ಚುಕ್ಕಿಗಳೂ ಸುತ್ತುತ್ವೆ. ಉಕ್ಕು ಈಗ ಸುಸ್ತಿನ ಕೋಣೇಲಿದೆ. ಬಾಲ ನೋಡು, ಮುನ್ನಡೆ ಕಡೆ ತೋರಿಸ್ತಿದೆ. ನಾಳೆ ಅಲ್ಲಿಗೆ ಹಾರುತ್ತೆ."

"ಸುಸ್ತಾದವರು ಹೇಗೆ ಹಾರ್ತಾರೆ, ಉಮಂಗ್‌ನ ಪಪ್ಪಾ?" (ಉಮಂಗ್ ನಮ್ಮ ಮಗ.)

"ಗರಬಾದಲ್ಲಿ ಸುಸ್ತಾದವರು ಸೋಡಾ ಕುಡಿದು ಮತ್ತೆ ಮುಂದೆ ಬರಲ್ವಾ? ನಿನ್ನ ಔಷಧದ ಚುಕ್ಕಿ ಚೇತರಿಕೇಲಿದೆ. ಇನ್ನು ಅದು ನೇರ ಹಿನ್ನಡೆಗೆ. ಎಲ್ಲಾ ಮಾರಿ ಉಕ್ಕು ತಗೋ. ದೀಪಾವಳಿಗೆ ನಿನ್ನ ಯಂತ್ರ ಮನೇಲಿರುತ್ತೆ."

ಭಾನು ಒಂದು ಕ್ಷಣ ನನ್ನನ್ನೇ ನೋಡಿದಳು. "ಆಗಲಿ, ನೀವು ಹೇಳಿದ ಮೇಲೆ ಮುಗೀತು" ಎಂದಳು. ಮದುವೆಯಾದಾಗಿನಿಂದ ಇಷ್ಟು ಮೆತ್ತಗೆ ಒಪ್ಪಿದ್ದನ್ನು ನಾನು ಕಂಡಿರಲಿಲ್ಲ. ಹಿಗ್ಗಿ ಹೀರೇಕಾಯಿಯಾಗಿ, ಹೊಸ ಸ್ಕೂಟರಿಗೆಂದು ಇಟ್ಟಿದ್ದ ನನ್ನ ಹಣವನ್ನೂ ಉಕ್ಕಿಗೇ ಸುರಿದೆ.

ಉಕ್ಕು ಜಾರಿತು. ಮರುವಾರ ಇನ್ನೂ ಜಾರಿತು. ಊಟಕ್ಕೆ ಕೂತರೆ ಭಾನುವಿನ ಊದಿದ ಕೈಯೇ ಕಣ್ಣಿಗೆ ಬೀಳುತ್ತಿತ್ತು; ಅರ್ಧಕ್ಕೇ ತಟ್ಟೆ ಬಿಟ್ಟು ಏಳುತ್ತಿದ್ದೆ. ಕೊನೆಗೆ ದಲಾಲಿ ಅಂಗಡಿಯಲ್ಲಿ ತಲೆ ನರೆಸಿಕೊಂಡ ಪಕ್ಕದ ಮನೆಯ ನಟುಭಾಯಿಗೆ ಲ್ಯಾಪ್‌ಟಾಪ್ ತೋರಿಸಿದೆ. ಆತ ಮಧ್ಯಾಹ್ನದ ನಿದ್ದೆ ಬಿಟ್ಟು ಬಂದಿದ್ದ. (ರಾಜಕೋಟಿನಲ್ಲಿ ಇದಕ್ಕಿಂತ ದೊಡ್ಡ ತ್ಯಾಗವಿಲ್ಲ.)

"ಅಯ್ಯೋ ಕಿರೀಟ್‌ಭಾಯ್! ಇದು ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತೆ ಮಾರಾಯ. ಗರಬಾ ಸುತ್ತೋದು ಅದಕ್ಕೆ ಉಲ್ಟಾ! ನೀನು ಇಡೀ ಪೇಟೇನ ಹಿಂದಕ್ಕೆ ನಡೆಸಿದೀಯ."

"ಮತ್ತೆ ಬಾಲ? ಹೋಗೋ ದಾರಿ ತೋರಿಸಲ್ವಾ?"

"ಯಾವ ಪ್ರಾಣಿಗಪ್ಪಾ ಬಾಲ ಮುಂದಿರುತ್ತೆ?"

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ನೇರ ಅಡುಗೆಮನೆಗೆ ಹೋಗಿ ಭಾನುವಿನ ಎದುರು ಕೈಮುಗಿದು ನಿಂತೆ.

"ತಪ್ಪಾಯ್ತು ಕಣೇ. ನಿನ್ನ ಯಂತ್ರದ ಹಣ ಮುಳುಗಿಸಿಬಿಟ್ಟೆ."

"ಯಾವ ಹಣ? ಯಂತ್ರ ನಾಡಿದ್ದು ಬರುತ್ತೆ."

"ಅಂದ್ರೆ... ನೀನು ಉಕ್ಕು ತಗೊಳ್ಳಲಿಲ್ವಾ?"

"ನೀವು ಮಾರು ಅಂದ್ರಲ್ಲ, ಅದಕ್ಕೇ ಇಟ್ಕೊಂಡೆ. ಔಷಧ ಚೆನ್ನಾಗಿ ಏರಿತು, ಮೊನ್ನೆ ಮಾರಿದೆ. ಮೇಲಿನ ಮನೆ ಜಯಾಬೆನ್, ಎದುರುಮನೆ ಇಂದುಬೆನ್, ಎಲ್ಲರ ಹತ್ರ ಇದ್ದ ಉಕ್ಕನ್ನೂ ಆವತ್ತೇ ಮಾರಿಸಿದೆ. ಅವರೆಲ್ಲ ನಿಮ್ಮನ್ನ ಹರಸಿದ್ದೇ ಹರಸಿದ್ದು!"

ಸಿಟ್ಟು ಬರಬೇಕಿತ್ತು, ಬಂದದ್ದು ಅಳು. ಅವಳ ಕೈ ಉಳಿಯಿತಲ್ಲ, ನನಗಷ್ಟೇ ಸಾಕಾಗಿತ್ತು. ಭಾನು ಸೆರಗಿನಿಂದ ನನ್ನ ಕಣ್ಣೊರೆಸಿ ಬಿಸಿ ಖಾಖರಾಕ್ಕೆ ತುಪ್ಪ ಸವರಿ ಬಾಯಿಗಿಟ್ಟಳು.

ಯಂತ್ರ ಬಂತು. ಪೂಜೆಯಾಯಿತು. ಹೆಂಗಸರೆಲ್ಲ ಪೇಡೆ ತಿಂದು ನನ್ನ ಸುತ್ತ ಕೂತರು. "ಈ ಸಲ ಏನು ತಗೊಳ್ಳೋಣ, ಕಿರೀಟ್‌ಭಾಯ್?" ಎಂದರು ಜಯಾಬೆನ್.

ನಾನು ಎದೆಯುಬ್ಬಿಸಿ ಲ್ಯಾಪ್‌ಟಾಪ್ ತೆರೆದೆ. "ಇನ್ನು ಯಾರೂ ಹೆದರಬೇಡಿ. ನಟುಭಾಯಿ ಎಲ್ಲಾ ಹೇಳಿಕೊಟ್ಟಿದಾನೆ. ಇದನ್ನ ಸರಿಯಾಗಿ ಓದೋದು ಕಲಿತಿದೀನಿ."

ಜಯಾಬೆನ್ ಕೈಯಲ್ಲಿದ್ದ ಪೇಡೆ ತಟ್ಟೆಗೆ ಬಿತ್ತು. ಭಾನು ಓಡಿಬಂದು ಲ್ಯಾಪ್‌ಟಾಪ್ ಮುಚ್ಚಿ ನನ್ನ ಗಲ್ಲ ಹಿಡಿದಳು.

"ಬೇಡ ರೀ, ದಮ್ಮಯ್ಯ! ಏನೂ ಕಲೀಬೇಡಿ. ನಾಲ್ಕು ಸಂಸಾರ ನಿಮ್ಮನ್ನೇ ನಂಬಿಕೊಂಡಿವೆ!"