ಕಪ್ಪು ಪರದೆಯ ಕೀಲಿ ಮತ್ತು ನನ್ನ ಎದೆಗಾರಿಕೆ

ಇದರ ಒಂದೊಂದು ಅಕ್ಷರವೂ ಖರೇ. ಬೇಕಾದರೆ ನರಗುಂದದ ಗುಡ್ಡ ಹತ್ತಿ ನಿಂತು ಆಣೆ ಮಾಡುತ್ತೇನೆ, ನೀವು ಮುಂದೆ ಹತ್ತಿರಿ. ಇಂಥವು ಬೇರೆಯವರಿಗೆ ಜನ್ಮಕ್ಕೊಮ್ಮೆ ಆಗುತ್ತವೆ, ನನಗೆ ತಿಂಗಳಿಗೊಮ್ಮೆ.

ನಮ್ಮದು ನರಗುಂದದಲ್ಲಿ ಎರಡು ಖೋಲಿಯ ಆಫೀಸು. ಮಲಪ್ರಭೆ ಏರಿದರೆ ಕೊಣ್ಣೂರು, ಹೊಳೆಆಲೂರು ಕಡೆಯ ರೈತರ ಫೋನಿಗೆ "ಹೊಳಿ ಬರಾಕತ್ತೇತಿ, ದನ ಮ್ಯಾಲೆ ಹೊಡೀರಿ" ಎಂದು ಸಂದೇಶ ಕಳಿಸುವುದು ಕೆಲಸ. ಅದಕ್ಕೆ ನಮ್ಮ ಮೇಡಂ ಒಂದು ಪ್ರೋಗ್ರಾಂ ಬರೆದಿದ್ದಾರೆ. ಚಿತ್ರವಿಲ್ಲ, ಬಟನ್ನಿಲ್ಲ. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಬೇಕು, ಜೊತೆಗೆ ಇಪ್ಪತ್ತು ಅಂಕಿಯ ಒಂದು ಗುಪ್ತ ಕೀಲಿ ಕೊಡಬೇಕು. ಆ ಕೀಲಿ ಯಾರಿಗೆ ಸಿಕ್ಕರೂ ಅವರು ನಮ್ಮ ಹೆಸರಿನಲ್ಲಿ ಸುಳ್ಳು ಸುದ್ದಿ ಕಳಿಸಬಹುದು. ಒಮ್ಮೆ ಸುಳ್ಳಾದರೆ, ಖರೇ ಹೊಳೆ ಬಂದ ದಿನ ಯಾರೂ ಏಳುವುದಿಲ್ಲ.

"ಕೀಲಿ ಹೊರಗ ಬಿದ್ರ ಮೊದಲ ಮಂದಿ ಹೋಗ್ತಾರ ಕಾಕಾ, ಆಮ್ಯಾಲ ನಿಮ್ಮ ನೌಕರಿ ಹೋಗ್ತದ" ಎಂದಿದ್ದರು ಮೇಡಂ.

ನಾನು ಹೆದರುವ ಆಸಾಮಿಯಲ್ಲ. ಆವತ್ತಿನಿಂದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿಲ್ಲ, ಅಷ್ಟೇ.

೧. ಮೇಲಿನ ಬಾಣ

ಮೊದಮೊದಲು ಕಮಾಂಡಿನ ಪಕ್ಕದಲ್ಲೇ ಕೀಲಿಯನ್ನೂ ಟೈಪ್ ಮಾಡಿ, ಕೆಲಸ ಮುಗಿದ ಮೇಲೆ ಪರದೆ ಖಾಲಿ ಮಾಡಿ ಮೀಸೆ ತಿರುವುತ್ತಿದ್ದೆ. ಒಂದು ದಿನ ಮೇಡಂ ಬಂದು ಕೀಬೋರ್ಡಿನ ಮೇಲಿನ ಬಾಣ ಒತ್ತಿದರು. ನಿನ್ನೆಯ ಕಮಾಂಡ್ ಬಂತು, ಕೀಲಿ ಸಮೇತ. ಮತ್ತೆ ಒತ್ತಿದರು. ಮೊನ್ನೆಯದು ಬಂತು. ಅವರು ಒತ್ತುತ್ತಾ ಹೋದರು, ನನ್ನ ಅಂಗಾಲು ತಣ್ಣಗಾಗುತ್ತಾ ಹೋಯಿತು.

"ಕಾಕಾ, ಇಲ್ಲಿ ಹೊಡದದ್ದೆಲ್ಲಾ ಇದು ನೆನಪಿಟ್ಕೋತದ. ಯಾರ್ ಬಂದ್ ಕುಂತ್ರೂ ಸಿಗ್ತದ. ಹೇಳಿದ್ನೋ ಇಲ್ಲೋ?"

"ಹೇಳಿದ್ರಿ ಮೇಡಂ, ಮರ್ತೆ."

"ನೀವು ಮರ್ತ್ರಿ, ಅದು ಮರೀಲಿಲ್ಲ ನೋಡ್ರಿ."

೨. ಜಾಣ ಹೆಸರು

ಕೀಲಿಯನ್ನು ಬೇರೆ ಫೈಲಿನಲ್ಲಿಡಿ, ಪ್ರೋಗ್ರಾಂ ಅಲ್ಲಿಂದ ತಾನೇ ಓದಿಕೊಳ್ಳುತ್ತದೆ, ಆ ಫೈಲು ಮಾತ್ರ ಯಾರಿಗೂ ಹೋಗಬಾರದು ಎಂದರು ಮೇಡಂ. ಕಳ್ಳರ ಕಣ್ಣು ತಪ್ಪಿಸುವುದರಲ್ಲಿ ನನ್ನಂಥವನು ಮೂರು ತಾಲೂಕಿನಲ್ಲಿಲ್ಲ. ಫೈಲಿಗೆ "ಇದರಾಗ ಕೀಲಿ ಇಲ್ಲ" ಎಂದು ಹೆಸರಿಟ್ಟೆ.

ಅದೇ ವಾರ ರೈತರ ಫೋನ್ ಗುಂಪಿನಲ್ಲಿ ಯಾರೋ, "ಈ ಸಂದೇಶ ಹ್ಯಾಂಗ ಕಳಸ್ತೀರಿ?" ಎಂದು ಕೇಳಿದರು. ನನ್ನ ವಿದ್ಯೆ ನಾಲ್ಕು ಮಂದಿ ನೋಡಲಿ ಎಂದು ಇಡೀ ಫೋಲ್ಡರನ್ನೇ ಗುಂಪಿಗೆ ಹಾಕಿದೆ. ಒಂದು ನಿಮಿಷವೂ ಆಗಿಲ್ಲ, ಹೊಳೆಆಲೂರಿನ ರೈತರೊಬ್ಬರ ಫೋನು.

"ಕಾಕಾ, ಕೀಲಿ ಇಲ್ಲ ಅಂತ ನೀವು ಚಂದಾಗಿ ಬರದೀರಿ. ಯಾರೋ ಹಲ್ಕಟ್ ಮಂದಿ ಒಳಗ ಇಟ್ಟಾರ ನೋಡ್ರಿ!"

೩. ಕಾಣದ ಅಂಕಿ

ಮೇಡಂ ಓಡಿಬಂದು ಹಳೇ ಕೀಲಿ ರದ್ದು ಮಾಡಿದರು. ಹೊಸದನ್ನು ನಾನು ಬಾಯಿಪಾಠ ಮಾಡಬೇಕು, ಪ್ರೋಗ್ರಾಂ ಕೇಳಿದಾಗಷ್ಟೇ ಟೈಪ್ ಮಾಡಬೇಕು. ಟೈಪ್ ಮಾಡಿದೆ. ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲ. ಕೀಬೋರ್ಡ್ ಬೋರಲು ಹಾಕಿ ಬಡಿದೆ. ಎರಡು ಶೇಂಗಾ ಬಿದ್ದವು, ಅಂಕಿ ಬರಲಿಲ್ಲ.

"ಕಾಣಬಾರ್ದು ಅಂತನ ಹಾಂಗ ಮಾಡೀನ್ರಿ" ಎಂದರು ಮೇಡಂ.

"ನನಗೂ ಕಾಣಬಾರ್ದೇನ್ರಿ?"

"ನಿಮ್ಮ ಸಲುವಾಗೇ ಮಾಡೀನಿ."

೪. ರೋಣದ ಬಸ್ ಸ್ಟ್ಯಾಂಡು

ಹೋದ ಮಳೆಗಾಲ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಸಂಜೆಗೆ ಕೊಣ್ಣೂರು ಸೇತುವೆ ಮುಳುಗುವ ಲಕ್ಷಣ. ನರಗುಂದದಲ್ಲಿ ಬೆಳಿಗ್ಗೆಯಿಂದ ಕರೆಂಟಿಲ್ಲ. ಮೇಡಂ ಪರವೂರಿಗೆ ಹೊರಟು ಸಂಜೆಯ ತನಕ ಬಸ್ಸಿನಲ್ಲಿ. ಸಂದೇಶ ನಮ್ಮ ಗಜೇಂದ್ರಗಡದ ಶಾಖೆಯಿಂದಲೇ ಹೋಗಬೇಕು, ಅಲ್ಲಿರುವ ನನ್ನ ಗೆಳೆಯನಿಗೆ ಹೊಸ ಕೀಲಿ ಗೊತ್ತಿಲ್ಲ. ಫೋನಿನಲ್ಲಿ ಹೇಳುವಂತಿಲ್ಲ, ಕಾಗದದ ಮೇಲೆ ಬರೆಯುವಂತಿಲ್ಲ. ಅವನು ಅರ್ಧ ದಾರಿ, ನಾನು ಅರ್ಧ ದಾರಿ ಬಂದು ರೋಣದ ಬಸ್ ಸ್ಟ್ಯಾಂಡಿನಲ್ಲಿ ಕೂಡಿದೆವು.

ನಾವಿಬ್ಬರೂ ಮೊದಲು ದನದ ಸಂತೆಯಲ್ಲಿ ದಲಾಲಿ ಮಾಡಿದವರು. ಅಲ್ಲಿ ಎತ್ತಿನ ರೇಟು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಟವೆಲ್ಲಿನ ಕೆಳಗೆ ಬೆರಳು ಒತ್ತಿ ಹೇಳುತ್ತೇವೆ. ಹಾಕಿದೆ ಟವೆಲ್ಲು, ಹಿಡಿದೆ ಕೈ. ನಾನೊಂದು ಅಂಕಿ ಒತ್ತುವುದು, ಅವನು ಅದನ್ನೇ ತಿರುಗಿ ಒತ್ತುವುದು. ಇಬ್ಬರ ಅಂಗೈಗಳೂ ಬೆವರಿ ಜಾರುತ್ತಿದ್ದವು. ಸುತ್ತ ಮಂದಿ ನೆರೆಯಿತು. ಇಪ್ಪತ್ತೂ ಮುಗಿಸಿ ಉಸಿರು ಬಿಟ್ಟೆವು.

ಪಟಗಾ ಸುತ್ತಿದ ಒಬ್ಬ ಮುದುಕ ಬೀಡಿ ಆರಿಸಿದ. "ತಮ್ಮಾ, ಹದಿನಾಕನೇದ್ದು ನೀ ಏಳು ಕೊಟ್ಟಿ, ಅಂವ ಆರು ತಗೊಂಡ. ನಿಮ್ಮ ಭುಜ ಹಾರೂದ್ರಾಗ ಗೊತ್ತಾತು. ಉಳಿದ ಹತ್ತೊಂಬತ್ತೂ ಬರೋಬರಿ ಅದಾವ. ಅಲ್ಲಾ, ಇಪ್ಪತ್ತು ಅಂಕಿ ರೇಟಿನ ಎತ್ತು ಎಲ್ಲೈತೋ?"

ಗೆಳೆಯ ಆರನ್ನು ಏಳು ಮಾಡಿಕೊಂಡು ಬಸ್ಸಿಗೆ ಓಡಿದ. ನಾನು ಮುದುಕನ ಕೈ ಗಟ್ಟಿಯಾಗಿ ಹಿಡಿದು ಹೋಟೆಲಿಗೆ ಎಳೆದೊಯ್ದೆ. ಸಂದೇಶ ಹೋಗಿ, ಕೊಣ್ಣೂರಿನ ದನಕರ, ಮಂದಿ ಎಲ್ಲಾ ಮೇಲೆ ಹತ್ತಿ, ನಾನು ಫೋನಿನಲ್ಲಿ ಬೇಡಿಕೊಂಡಂತೆ ಮೇಡಂ ಸಂಜೆ ಕೀಲಿ ಬದಲಿಸುವ ತನಕ ಅವನಿಗೆ ಒಂದರ ಮೇಲೊಂದು ಗಿರ್ಮಿಟ್, ಮಿರ್ಚಿ, ಚಹಾ. ಬಾಯಿ ಖಾಲಿ ಬಿಟ್ಟರೆ ಎಲ್ಲಿ ಅಂಕಿ ಹೇಳುತ್ತಾನೋ ಎಂಬ ಭಯ.

ಆಮೇಲೆ ಅದರ ಕಾರಣವನ್ನೆಲ್ಲಾ ಫೋನಿನಲ್ಲಿ ಒಪ್ಪಿಸಿದೆ. ಮೇಡಂ ಬಿದ್ದು ಬಿದ್ದು ನಕ್ಕರು.

ಈ ಒಂದು ಸಣ್ಣ ಮಾತು ಮಾತ್ರ ನಾನು ಕಟ್ಟಿದ್ದು. ಅವರು ನಗಲಿಲ್ಲ. ಕೇಳಿದರು: "ಆ ಅಜ್ಜಗ ನೌಕರಿ ಬೇಕಂತೇನು, ಕೇಳ್ರಿ."