ಬಿಲ್ಲೆ ನಂಬರ ಐವತ್ತು

ಒಳ್ಳೇದು ಮಾಡಾಕ ಹೋದಾಗೆಲ್ಲಾ ಏನರೆ ಒಂದು ಫಜೀತಿ ಆಗೂದು ನನ್ನ ಹಣೇಬರಹ. ರಿಟೈರ್ ಆಗಿ ಎಷ್ಟೋ ವರ್ಷ ಆತು, ಈಗೂ ಕಟ್ಟಿ ಮ್ಯಾಲೆ ಕುಂತು ನೆನಿಸ್ಕೊಂಡು ಒಬ್ಬಾಂವನ ನಗತಿರತೀನಿ. ಒಳಗಿಂದ ನಮ್ಮಾಕಿ, ಏನಾತ್ರಿ ನಿಮಗ, ಅಂತ ಕೇಳ್ತಾಳ.

ಎಂಬತ್ತರ ದಶಕದ ಮಾತು. ನಾನು ಹುಬ್ಬಳ್ಳಿಯೊಳಗ ಪಂಪ್ ಮಾಡೋ ಒಂದು ಕಾರ್ಖಾನಿಯ ಟೈಮ್ ಆಫೀಸಿನ ಗುಮಾಸ್ತ. ಯಮನೂರಿನ ಬಾಜೂಕ ಒಂದು ಹಳ್ಳಿಯೊಳಗ ಧರ್ಮದ ದವಾಖಾನಿ ಇತ್ತು, ಒಬ್ಬ ಡಾಕ್ಟರಬಾಯಿ ನಡಸ್ತಿದ್ರು. ನಮ್ಮ ಕಂಪನಿ ಅದಕ್ಕ ಔಷಧ ಕೊಡಸ್ತಿತ್ತು, ತಿಂಗಳಿಗೊಂದು ರವಿವಾರ ಅಲ್ಲಿ ಶಿಬಿರಕ್ಕ ವ್ಯಾನ್ ಬಿಡ್ತಿತ್ತು. ಮನಸ್ಸಿದ್ದ ನೌಕರರು ಅದರಾಗ ಹೋಗಿ ಕೈಲಾದ ಕೆಲಸ ಮಾಡಬೇಕು. ಪಗಾರ ಇಲ್ಲ, ಮಧ್ಯಾಹ್ನ ರೊಟ್ಟಿ-ಝುಣಕಾ. ನಾನಂತೂ ಆ ಝುಣಕಾದ ಆಸೆಗೇ ಹೆಸರು ಬರಸಿದ್ದೆ, ಸುಳ್ಳ್ಯಾಕ ಹೇಳ್ಲಿ.

೧. ಚಪ್ಪಲಿ ನಿಂತ ಪಾಳೆ

ಮೊದಲನೇ ಸಲ ನನಗ ಪಾಳೆ ನೋಡಿಕೊಳ್ಳೋ ಕೆಲಸ. ಹೊರಗ ಬಂದು ನೋಡ್ತೀನಿ, ಪಾಳೇದಾಗ ಒಬ್ಬ ಮನಷ್ಯಾ ಇಲ್ಲ. ಬಾಗಲದಿಂದ ಬೇವಿನ ಗಿಡದ ತನಕ ಚಪ್ಪಲಿ, ಚೀಲ, ಒಂದು ತಂಬಿಗಿ, ನಾಕು ಕಲ್ಲು ಸಾಲಾಗಿ ಇಟ್ಟಾರ. ಮಂದಿ ಎಲ್ಲಾ ನೆರಳಾಗ ಎಲಿ-ಅಡಿಕಿ ಹಾಕ್ಕೋತ ಕುಂತಾರ. ರೇಶನ್ ಅಂಗಡಿಯೊಳಗ ಹಿಂಗ ಅಂತ, ಇಲ್ಲೂ ಹಂಗ.

ಡಾಕ್ಟರಬಾಯಿ ಮುಂದಿನವ್ರನ್ನ ಕರದ್ರ ನಾನು ಒಂದೊಂದ ಚಪ್ಪಲಿ ಎತ್ತಿ ಹಿಡದು ಇದು ಯಾರದ್ರಿ ಅಂತ ಕೇಳಬೇಕು. ಅಷ್ಟರಾಗ ಒಂದು ನಾಯಿ ಕಡೀ ಚಪ್ಪಲಿ ಕಚ್ಕೊಂಡು ಓಡಿತು. ನಾನು ಬೆನ್ನ ಹತ್ತಿದೆ. ಅದು ಹೆದರಿ ದವಾಖಾನಿಯೊಳಗ ನುಗ್ಗಿ, ಡಾಕ್ಟರಬಾಯಿ ಟೇಬಲ್ ಕೆಳಗ ಚಪ್ಪಲಿ ಬಿಟ್ಟು ಹೋತು. ಚಪ್ಪಲಿ ಮಾಲಕ ಎದ್ದು ಬಂದಾಂವನ ಎಲ್ಲರಕಿಂತ ಮುಂದ ನಿಂತ. ಚಪ್ಪಲಿ ಎಲ್ಲೈತೋ ಅಲ್ಲೇ ತನ್ನ ನಂಬರ ಅಂದ. ನ್ಯಾಯಾ ಅಂದ್ರ ನ್ಯಾಯಾ ಅಂತ ಊರ ಮಂದಿನೂ ಒಪ್ಪಿದ್ರು.

೨. ಕೊರಳಿಗೆ ಬಿದ್ದ ಬಿಲ್ಲೆ

ನನ್ನ ತಲಿಯೊಳಗ ಒಂದು ಯುಕ್ತಿ ಬಂತು. ನಮ್ಮ ಕಾರ್ಖಾನಿಯೊಳಗ ಹಾಜರಿಗೆ ಹಿತ್ತಾಳಿ ಬಿಲ್ಲೆ ಇದ್ದವು. ಮ್ಯಾಲೆ ಪಂಪಿನ ಗುರ್ತು, ನಂಬರ, ಮೊಳಿಗೆ ನೇತು ಹಾಕಾಕ ಒಂದು ತೂತು. ಗೇಟಿನ ವಾಚಮನ್ ಮಿಲಿಟರಿಯಿಂದ ಬಂದಾಂವ. ಬಿಲ್ಲೆ ಇದ್ದವ್ರು ಒಳಗ, ಇಲ್ಲದವ್ರು ಹೊರಗ, ಎರಡನೇ ಮಾತಿಲ್ಲ. ಬದಲಿ ಕೆಲಸಗಾರರ ಐವತ್ತು ಬಿಲ್ಲೆ ನನ್ನ ಸುಪರ್ದಿಯೊಳಗ ಇದ್ದವು. ಮ್ಯಾನೇಜರ್ ಸಾಹೇಬ್ರಿಗೆ ಹೇಳದ ಅವನ್ನ ಚೀಲಕ್ಕ ಹಾಕ್ಕೊಂಡು ಮುಂದಿನ ಶಿಬಿರಕ್ಕ ಹೋದೆ.

ಪಾಳೆ ಅಗದಿ ಚೊಲೋ ನಡೀತು. ಐವತ್ತನೇದು ಒಬ್ಬ ಮುದುಕಿಗೆ ಸಿಕ್ತು. ಬಸರಿ ಮೊಮ್ಮಗಳಿಗೆ ಈಗ ಏಳು ತಿಂಗಳು, ಕೂಸು ಹುಟ್ಟೂದ್ರೊಳಗ ಕೌದಿ ಹೊಲದು ಮುಗಸಬೇಕು, ಸೂಜಿ ತೂತು ಕಾಣವಲ್ದು ಅಂತ ಆಕಿ ಸಂಕಟ. "ಬಿಲ್ಲೆ ಬಿಡಬ್ಯಾಡ ಆಯಿ, ನಿನ್ನ ನಂಬರ ಬಂದ ಕೂಡ್ಲೆ ಕರೀತೀನಿ" ಅಂತ ಹೇಳಿ ಗಿಡದ ಬುಡಕ ಕುಂಡ್ರಿಸಿದೆ. ನಲವತ್ತೊಂಬತ್ತು ಮುಗದಿತ್ತು, ಯಾರದೋ ಹೆರಿಗಿ ಅಂತ ಡಾಕ್ಟರಬಾಯಿ ಎದ್ದು ಓಡಿದ್ರು. ಆ ಗದ್ದಲದಾಗ ಮುದುಕಿನ್ನ ಮರತಬಿಟ್ಟೆ.

ಸಂಜಿಗೆ ಎಣಿಸಿದ್ರ ಹದಿನೆಂಟ ಬಿಲ್ಲೆ! ಉಳದವು ಎಲ್ಲಿ ಅಂತ ನೋಡಿದ್ರ ಹುಡುಗರ ಕೊರಳಾಗ. ದವಾಖಾನಿಯೊಳಗ ಕೊಟ್ಟದ್ದು, ಮ್ಯಾಲೆ ತೂತು ಬ್ಯಾರೆ ಐತಿ, ಕಟಗೊಳ್ಳಾಕ ಅಲ್ಲದ ಮತ್ತ್ಯಾಕ? ತಾಯಂದ್ರು ಜ್ವರದ ತಾಯತ ಅಂತ ಕರೀ ದಾರ ಪೋಣಿಸಿ ಕಟ್ಟಿದ್ರು, ಬಿಚ್ಚಂದ್ರ ಬಿಚ್ಚಲಿಲ್ಲ. ಒಬ್ಬಾಂವ ಎಮ್ಮಿಗೂ ಕಟ್ಟಿದ್ದ.

ಸೋಮವಾರ ಬದಲಿ ಕೆಲಸಗಾರರು ಬಿಲ್ಲೆ ಇಲ್ಲದ ಗೇಟಿನ ಹೊರಗ ನಿಂತ್ರು. ಸಾಹೇಬ್ರು ನನ್ನ ಕರಸಿ, ಐವತ್ತೂ ಬಿಲ್ಲೆ ಬರೂತನಾ ವ್ಯಾನ್ ಹಳ್ಳಿಗೆ ಹೋಗೂದಿಲ್ಲ ಅಂದ್ರು. ವ್ಯಾನ್ ಇಲ್ಲಂದ್ರ ಶಿಬಿರ ಇಲ್ಲ.

೩. ನಂಬರ ಇಲ್ಲದ ವಾಷರ್

ನಮ್ಮ ಫಿಟರ್ ಕಾಕಾ ನನ್ನ ಮುಖ ನೋಡಲಾರದ, ಕಿಸೆ ತುಂಬ ಹಿತ್ತಾಳಿ ವಾಷರ್ ಮಾಡಿಕೊಟ್ಟ. ಇವನ್ನ ಕೊಟ್ಟು ಅವನ್ನ ಇಸ್ಕೋ ಅಂದ. ಮುಂದಿನ ರವಿವಾರ ಬಸ್ಸಿಗೆ ಇಬ್ರೂ ಹೋದಿವಿ. ಮೊದಲನೇ ಮನಿಯೊಳಗ ತಾಯಿ ವಾಷರ್ ತಿರುವಿ ತಿರುವಿ ನೋಡಿ, "ಇದರಾಗ ನಂಬರ ಇಲ್ಲಲ್ರಿ. ನಂಬರ ಇಲ್ಲಂದ್ರ ಜ್ವರ ಹೆಂಗ ಇಳೀತೈತಿ?" ಅಂದ್ಳು. ಕಾಕಾ ಗೌಂಡಿ ಮನಿಯಿಂದ ಸುತಗಿ-ಚಾಣ ತಂದು, ಬೇವಿನ ನೆರಳಾಗ ಕುಂತು, ಸಂಜೀತನಕ ನಂಬರ ಕಡದ. ಎಮ್ಮಿ ಮಾಲಕ ತನಗ ಹಳೇ ನಂಬರಾನ ಬೇಕು, ಎಮ್ಮಿಗೆ ರೂಢಿ ಆಗೇತಿ ಅಂತ ಹಟಾ ಹಿಡದ.

ಕಾಕಾ ಈಗ ಇಲ್ಲ. ಅವನ ಒಂದು ವಾಷರ್ ನನ್ನ ಕೀಲಿಕೈ ಗೊಂಚಲದಾಗ ಐತಿ. ಕೈಗೆ ಹತ್ತಿದಾಗೆಲ್ಲಾ ಆ ರವಿವಾರಗಳು ನೆನಪಾಗಿ ಜೀವ ಚುರ್ ಅಂತೈತಿ.

ನಲವತ್ತೊಂಬತ್ತು ಬಿಲ್ಲೆ ಸಿಕ್ಕವು. ಐವತ್ತನೇದರ ಮುದುಕಿ ಮನಿಗೆ ಕೀಲಿ. ಮೊಮ್ಮಗಳ ಕುಬಸಕ್ಕ, ಅಂದ್ರ ಸೀಮಂತಕ್ಕ, ಅಣ್ಣಿಗೇರಿಗೆ ಹೋಗ್ಯಾಳ ಅಂದ್ರು.

೪. ಸಾಹೇಬ್ರ ಕನ್ನಡಕ

ಎರಡು ದಿನಕ್ಕ ಆಕಿನ ಬಂದ್ಳು, ಕಾರ್ಖಾನಿಗೆ. ಅಣ್ಣಿಗೇರಿ ಬಸ್ಸಿನ ಕಂಡಕ್ಟರ್ ಬಿಲ್ಲೆ ಮ್ಯಾಲಿನ ಪಂಪ್ ನೋಡಿ ಗೇಟಿಗೇ ಇಳಿಸಿದ್ದ. ಆಕಿ ವಾಚಮನ್ ಮುಂದ ಬಿಲ್ಲೆ ಹಿಡದ್ಳು. ಬಿಲ್ಲೆ ಐತಿ ಅಂದ ಮ್ಯಾಲೆ ಮುಗೀತು, ಆಂವ ಸರದು ನಿಂತ.

ಒಳಗ ದೊಡ್ಡ ಖೋಲಿ, ತಿರಗೋ ಫ್ಯಾನು, ಕನ್ನಡಕದ ಮನಷ್ಯಾ. ಇವ್ರ ಕಣ್ಣಿನ ಡಾಕ್ಟರ್ರು ಅಂತ ತಿಳ್ಕೊಂಡು ಸಾಹೇಬ್ರ ಮುಂದಿನ ಕುರ್ಚಿ ಮ್ಯಾಲೆ ಕುಂತು, ಎರಡು ಬೆರಳಿಂದ ತನ್ನ ಕಣ್ಣು ಅಗಲಿಸಿ ಅವರ ಮುಖದ ಹತ್ರ ಒಯ್ದಳು. ನನಗ ಕರೆ ಬಂತು. ನೌಕರಿ ಹೋತು ಅಂತನ ಒಳಗ ಹೋಗಿ, ಕರದ್ರೇನ್ರಿ ಅಂದೆ.

ಮುದುಕಿ ನನ್ನ ದನಿ ಗುರ್ತ ಹಿಡದ್ಳು. "ಇವನ ನೋಡ್ರಿ, ಕರೀತೀನಿ ಅಂದಾಂವ. ಇಷ್ಟ ದಿನಾ ಕಾದೆ, ಕರೀಲಿಲ್ಲ. ನಾನ ಬಂದೆ" ಅಂದ್ಳು.

ನಾಚಿಕಿಯಿಂದ ನನಗ ತಲಿ ಎತ್ತಾಕಾಗಲಿಲ್ಲ. ಸಾಹೇಬ್ರು ಆಕಿ ತ್ರಾಸ ಕೇಳಿದ್ರು. ಆಕಿ ಸಂಚಿಯಿಂದ ಸೂಜಿ-ದಾರ ತಗದು ತೋರಿಸಿದ್ಳು. ಸಾಹೇಬ್ರು ಸುಮ್ನ ನೋಡೂಣು ಅಂತ ತಮ್ಮ ಕನ್ನಡಕ ತಗದು ಕೊಟ್ರು. ಒಂದ ಸಲಕ್ಕ ದಾರ ಹೊಕ್ಕಿತು. ಮುದುಕಿ ಸೂಜಿ ನೋಡಿ ನೋಡಿ ಅತ್ತಳು. ನಿನ್ನ ಹೊಟ್ಟಿ ತಣ್ಣಗಿರ್ಲೆಪ್ಪಾ ಅಂತ ಹರಸಿ, ಬಿಲ್ಲೆ ಟೇಬಲ್ ಮ್ಯಾಲಿಟ್ಟು, ಕನ್ನಡಕ ಹಾಕ್ಕೊಂಡನ ಹೊರಗ ನಡದ್ಳು. ನಾನು ಹಿಂದ ಓಡಬೇಕಂದ್ರ ಸಾಹೇಬ್ರು ಬ್ಯಾಡ ಅಂದ್ರು. ಐವತ್ತೂ ಬಿಲ್ಲೆ ಬಂದವು ಅಂತ ವ್ಯಾನಿನ ಹುಕುಮ್ ಬರಸಿದ್ರು. ಸಹಿ ಎಲ್ಲಿ ಮಾಡೂದಂತ ಅವರಿಗೆ ಕಾಣಲಿಲ್ಲ, ನಾನು ಬೆರಳಿಟ್ಟು ತೋರಿಸಿದೆ.

ಮುಂದಿನ ಶಿಬಿರಕ್ಕ ಸಾಹೇಬ್ರೂ ವ್ಯಾನ್ ಹತ್ತಿದ್ರು. ಸೇವಾ ಹೆಂಗ ನಡೀತೈತಿ ನೋಡತೀನಿ ಅಂದ್ರು. ಹೊಂಟದ್ದು ಕನ್ನಡಕಕ್ಕ ಅಂತ ನಮಗೆಲ್ಲಾ ಗೊತ್ತಿತ್ತು. ಅಲ್ಲಿ ನೋಡಿದ್ರ ಡಾಕ್ಟರಬಾಯಿ ಪಾಳೆ ನೋಡೋ ಕೆಲಸ ಮುದುಕಿಗೆ ಕೊಟ್ಟಿದ್ರು. ಬಾಗಲದಾಗ, ಕಾಕಾ ಪಾಳೆಗಂತನ ಹೊಸದಾಗಿ ನಂಬರ ಕಡದು ಕೊಟ್ಟಿದ್ದ ಐವತ್ತು ವಾಷರ್ ಗುಂಪಿ ಹಾಕ್ಕೊಂಡು, ಸಾಹೇಬ್ರ ಕನ್ನಡಕ ಏರಿಸಿಕೊಂಡು, ಕೌದಿ ಹೊಲಕೋತ ಕುಂತಿದ್ಳು. ಸಾಹೇಬ್ರು ಸೀದಾ ಒಳಗ ಹೊಂಟ್ರು. ಆಕಿ ಕಾಲು ಅಡ್ಡ ಚಾಚಿ, ಗುಂಪಿಯೊಳಗಿಂದ ಕಡೀ ವಾಷರ್ ಆರಿಸಿ ಅವರ ಕೈಯಾಗ ಇಟ್ಟಳು.

"ಡಾಕ್ಟರ್ರ ಇರಬಹುದ್ರಿ, ಪಾಳೆ ಅಂದ್ರ ಪಾಳೆ. ಇದು ಐವತ್ತನೇದು. ಗಿಡದ ಬುಡಕ ಕುಂಡ್ರಿ, ನಂಬರ ಬಂದ ಕೂಡ್ಲೆ ಕರೀತೀನಿ."