ಚಕ್ಕುಲಿ ಹೊರುವ ಡೀಸೆಲ್ ಗಾಡಿ

ಮೇಷ್ಟ್ರುಗಳಿಗೆ ಒಂದು ಕಾಯಿಲೆಯಿದೆ. ಒಂದೇ ಪಾಠವನ್ನು ವರ್ಷಗಟ್ಟಲೆ ಹೇಳಿ ಹೇಳಿ, ಕೊನೆಗೆ ಅದನ್ನು ತಾವೇ ನಂಬಿಬಿಡುತ್ತಾರೆ. ಮಕ್ಕಳಾದರೆ ಪರೀಕ್ಷೆ ಮುಗಿದ ಮರುದಿನವೇ ಮರೆತು ಬದುಕಿಕೊಳ್ಳುತ್ತಾರೆ, ಮೇಷ್ಟ್ರಿಗೆ ಆ ಭಾಗ್ಯವಿಲ್ಲ. ನಾನು ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಹೇಳಿ ನಿವೃತ್ತನಾದವನು. ಪೆಟ್ರೋಲ್ ಎಂಜಿನ್ನಿಗಿಂತ ಡೀಸೆಲ್ ಎಂಜಿನ್ ದಕ್ಷ, ಬಲಶಾಲಿ, ಭಾರ ಎಳೆಯುವುದಕ್ಕೆ ಅದೇ ಸೈ ಎಂದು ಇಪ್ಪತ್ತೆಂಟು ಸಲ ಬೋರ್ಡಿನ ಮೇಲೆ ಬರೆದು, ಕೆಳಗೆ ಗೆರೆಯನ್ನೂ ಎಳೆದಿದ್ದೇನೆ. ಆ ಗೆರೆಯ ಫಲ ಈಗ ವಿಜಯನಗರದ ಆರ್‌ಪಿಸಿ ಲೇಔಟಿನ ನಮ್ಮ ಮನೆಯೆದುರು ನಿಂತಿದೆ. ಬಿಳಿಯ ಬಣ್ಣದ ಡೀಸೆಲ್ ಪಿಕಪ್. ಒಳಗೆ ಐದು ಜನ ಕೂರಬಹುದು, ಹಿಂದೆ ಒಂದು ಟನ್ನಿನ ಹತ್ತಿರಹತ್ತಿರ ತುಂಬಬಹುದು. ನಮ್ಮ ಗೇಟು ಪೂರ್ತಿ, ಪಕ್ಕದ ಮನೆಯವರ ಗೇಟು ಅರ್ಧ ಅದರ ಹಿಂದೆ ಮರೆಯಾಗಿವೆ. ಪಕ್ಕದ ಮನೆಯವರು ಮೊದಲು ನನ್ನೊಡನೆ ರಾಜಕೀಯ ಮಾತಾಡುತ್ತಿದ್ದರು, ಈಗ ಗಾಡಿ ಯಾವಾಗ ತೆಗೀತೀರಿ ಎಂಬುದೊಂದನ್ನೇ ಕೇಳುತ್ತಾರೆ.

ಇಷ್ಟಕ್ಕೂ ನಮಗೆ ಪಿಕಪ್ ಏಕೆ ಬೇಕಾಯಿತು ಎಂದು ನೀವು ಕೇಳಬಹುದು. ನನ್ನ ಹೆಂಡತಿ ಗಿರಿಜೆಗೆ ಹೊಸಹಳ್ಳಿಯಲ್ಲಿ ಒಂದು ಸಣ್ಣ ಅಂಗಡಿಯಿದೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು. ಕರಿಯುವುದೆಲ್ಲ ನಮ್ಮ ಮನೆಯ ಹಿಂದಿನ ಶೀಟಿನ ಕೋಣೆಯಲ್ಲಿ, ಮಾರುವುದು ಅಲ್ಲಿ. ನಡುವೆ ಇರುವುದು ಒಂದೂವರೆ ಕಿಲೋಮೀಟರ್. ಅಷ್ಟು ದೂರ ಡಬ್ಬಗಳನ್ನು ಅವಳು ಹತ್ತು ವರ್ಷ ಆಟೋದಲ್ಲಿ ಸಾಗಿಸಿದಳು. ನಾನು ನಿವೃತ್ತನಾಗಿ ಮನೆಯಲ್ಲಿ ಕೂತ ಮೂರನೇ ತಿಂಗಳಿಗೆ, ಸ್ವಂತ ಗಾಡಿಯಿಲ್ಲದೆ ವ್ಯಾಪಾರ ಬೆಳೆಯುವುದಿಲ್ಲವೆಂದು ನನಗೆ ಹೊಳೆಯಿತು. ಅವಳಿಗೆ ಹೊಳೆದಿರಲಿಲ್ಲ. ತೀರಾ ಬೇಕೆಂದರೆ ಒಂದು ಪುಟ್ಟ ಪೆಟ್ರೋಲ್ ವ್ಯಾನು ಸಾಕು ಎಂದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಇಡೀ ಪಾಠವನ್ನು ಒಪ್ಪಿಸಿದೆ. ಟಾರ್ಕ್ ಎಂಬ ಮಾತು ಬಂದಾಗ ಅವಳು ಚಕ್ಕುಲಿ ಒರಳನ್ನು ಕೆಳಗಿಟ್ಟು, ಹಾಗಂದರೇನು ಎಂದು ಕೇಳಿದಳು. ಎಳೆಯುವ ಶಕ್ತಿ ಎಂದೆ.

"ಚಕ್ಕುಲಿನ ಎಳೀಬೇಕೇನ್ರೀ?" ಎಂದಳು.

ಉತ್ತರವಿಲ್ಲದ ಪ್ರಶ್ನೆಯನ್ನು ಮುಂದಿನ ತರಗತಿಗೆ ದಾಟಿಸುವುದು ಮೇಷ್ಟ್ರುಗಳಿಗೆ ರೂಢಿ. ಷೋರೂಮಿನ ಹುಡುಗಿ ನನ್ನ ಕಡೆ ಮಾತಾಡಿದಳು. ಈ ಗಾಡಿ ಗುಡ್ಡ ಹತ್ತುತ್ತದೆ, ಹೊಳೆ ದಾಟುತ್ತದೆ, ಕೆಸರಿನಲ್ಲಿ ಹೂತರೂ ಎದ್ದು ಬರುತ್ತದೆ ಎಂದಳು. ವಿಜಯನಗರದಲ್ಲಿ ಗುಡ್ಡವಿಲ್ಲ, ಹೊಳೆಯೂ ಜೋರು ಮಳೆ ಬಂದ ದಿನ ಮಾತ್ರ. ಆದರೂ ನಾನು ಸ್ಟಿಯರಿಂಗ್ ಹಿಡಿದು ಎತ್ತರದಲ್ಲಿ ಕೂತು ಕೆಳಗೆ ನೋಡಿದೆ ನೋಡಿ, ಅಲ್ಲಿಗೆ ವಿಚಾರ ಮುಗಿದುಹೋಯಿತು. ಸ್ಟಾಫ್ ರೂಮಿನ ಮೂಲೆಯ ಕುರ್ಚಿಯಲ್ಲಿ ಇಪ್ಪತ್ತೆಂಟು ವರ್ಷ ಕೂತವನಿಗೆ ಆ ಎತ್ತರ ಏನು ಮಾಡುತ್ತದೆಂಬುದು ಕೂತವರಿಗೇ ಗೊತ್ತು.

ಮೊದಲ ವಾರವೇ ಒಂದು ಸತ್ಯ ತಿಳಿಯಿತು. ಒಂದು ಟನ್ ಹೊರಲೆಂದು ಮಾಡಿದ ಸ್ಪ್ರಿಂಗ್ ಪಟ್ಟಿಗಳ ಮೇಲೆ ಹತ್ತು ಡಬ್ಬ ಚಕ್ಕುಲಿ ಇಟ್ಟರೆ ಗಾಡಿಗೆ ಏನೂ ಇಟ್ಟಂತೆಯೇ ಅನಿಸುವುದಿಲ್ಲ. ಖಾಲಿ ಹಿಂಭಾಗ ಪ್ರತಿ ಹಂಪಿನಲ್ಲೂ ಕರುವಿನ ಹಾಗೆ ನೆಗೆಯುತ್ತದೆ. ಹೊಸಹಳ್ಳಿ ಮುಟ್ಟುವಷ್ಟರಲ್ಲಿ ಮೂರು ಡಬ್ಬದ ಚಕ್ಕುಲಿ ಪುಡಿಯಾಗಿತ್ತು. ಅದಕ್ಕೆ ಮದ್ದನ್ನು ನಾನೇ ಕಂಡುಹಿಡಿದೆ. ಕಟ್ಟಡ ಕಟ್ಟುತ್ತಿದ್ದವರ ಹತ್ತಿರ ಕೇಳಿ ನಾಲ್ಕು ಮೂಟೆ ಮರಳು ತಂದು ಹಿಂದೆ ಹಾಕಿದೆ. ಗಾಡಿ ಗಂಭೀರವಾಯಿತು. ಅಲ್ಲಿಂದ ಮುಂದೆ ದಿನಾ ಬೆಳಗ್ಗೆ ಮರಳನ್ನು ಹೊಸಹಳ್ಳಿಗೆ ಕರೆದುಕೊಂಡು ಹೋಗಿ, ವಾಪಸ್ಸು ಕರೆದುಕೊಂಡು ಬರುತ್ತಿದ್ದೆ. ಗಿರಿಜೆ ಮೂಟೆಗಳನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು.

ಆ ವರ್ಷದ ಆಯುಧಪೂಜೆ ನಮ್ಮ ಅತ್ತೆಯ ಕೈಯಲ್ಲಿ ನಡೆಯಿತು. ಅತ್ತೆ, ಎಂದರೆ ಗಿರಿಜೆಯ ತಾಯಿ, ಎಂಬತ್ತು ದಾಟಿದವರು, ಪೂಜೆಯ ವಿಷಯದಲ್ಲಿ ಯಾವುದನ್ನೂ ಅರ್ಧಕ್ಕೆ ಬಿಡುವವರಲ್ಲ. ಚಕ್ರದಡಿ ನಿಂಬೆಹಣ್ಣಾಯಿತು, ಬೂದುಗುಂಬಳವಾಯಿತು, ಹೊರಗಿನ ಬೊಟ್ಟುಗಳೆಲ್ಲ ಆದವು. ಆಮೇಲೆ ಗಾಡಿಗೆ ಕಣ್ಣು ಯಾವುದು ಎಂದು ಕೇಳಿದರು. ನಾನು ಹೆಡ್‌ಲೈಟು ತೋರಿಸಿದೆ. ಅದು ಹೊರಗಣ್ಣು, ಒಳಗಣ್ಣು ಯಾವುದು ಎಂದರು. ಮೀಟರು ಬೋರ್ಡು ತೋರಿಸಿದೆ. ಅರಿಸಿನವನ್ನು ಎಣ್ಣೆಯಲ್ಲಿ ಕಲಸಿ ಬಳಿದು, ಅದರ ಮೇಲೆ ಹೆಬ್ಬೆರಳಗಲ ಕುಂಕುಮವಿಟ್ಟರು. ಹಬ್ಬ ಮುಗಿದ ಮೇಲೆ ಅದನ್ನು ಒರೆಸಬಹುದಿತ್ತು. ಆದರೆ ಗಾಡಿ ಕೊಂಡ ವಿಷಯದಲ್ಲಿ ನಮ್ಮ ಮನೆಯಲ್ಲಿ ನನ್ನ ಪಕ್ಷ ವಹಿಸಿದ್ದವರು ಅತ್ತೆಯೊಬ್ಬರೇ. ಅವರು ಇಟ್ಟ ಕುಂಕುಮವನ್ನು ಅಳಿಸುವಷ್ಟು ಕೃತಘ್ನ ನಾನಲ್ಲ. ಸ್ಪೀಡು ಕಾಣುತ್ತಿತ್ತು, ಡೀಸೆಲ್ ಎಷ್ಟಿದೆ ಕಾಣುತ್ತಿತ್ತು, ಇನ್ನೇನು ಬೇಕು. ಕೆಲವು ವಾರಗಳ ನಂತರ ಆ ಕುಂಕುಮದ ಹಿಂದಿನಿಂದ ಸಣ್ಣಗೆ ಒಂದು ಬೆಳಕು ಬರತೊಡಗಿತು, ನಂದಾದೀಪದ ಹಾಗೆ. ವಿಜ್ಞಾನದ ಮೇಷ್ಟ್ರಾದ ನಾನು ಅದನ್ನು ನೋಡಿ, ಅತ್ತೆಯ ಕೈಗುಣ ದೊಡ್ಡದು ಎಂದುಕೊಂಡೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ನಡೆದದ್ದು ಹೀಗೆಯೇ.

ಮಾಘದಲ್ಲಿ ಗಿರಿಜೆಗೆ ಒಂದು ದೊಡ್ಡ ಆರ್ಡರ್ ಬಂತು. ಕೆಂಗೇರಿಯ ಛತ್ರದಲ್ಲಿ ಮದುವೆ, ಹೆಣ್ಣಿನ ಕಡೆಯವರು ಬೀಗರಿಗೆ ಕೊಡಲು ತಟ್ಟೆಯಗಲದ ಚಕ್ಕುಲಿ ಇಪ್ಪತ್ತೊಂದು ಬೇಕೆಂದರು. ಇದು ನಮ್ಮ ಕಡೆಯ ಹಳೆಯ ಪದ್ಧತಿ. ತಿನ್ನುವುದಕ್ಕಲ್ಲ, ತಟ್ಟೆಯಲ್ಲಿಟ್ಟು ಎದುರು ಬೀಗರ ಕೈಗೆ ಕೊಡುವುದಕ್ಕೆ. ಒಂದು ಸುತ್ತೂ ಬಿರುಕು ಬಿಟ್ಟಿರಬಾರದು, ಬಿಟ್ಟರೆ ಶುಭವಲ್ಲ. ಅಷ್ಟು ದೊಡ್ಡ ಚಕ್ಕುಲಿಯನ್ನು ಮುರಿಯದೆ ಎಣ್ಣೆಯಿಂದ ಎತ್ತಬಲ್ಲವರು ಈಗ ಕಡಿಮೆ. ಗಿರಿಜೆ ಎರಡು ದಿನ ಒಲೆಯ ಮುಂದೆ ನಿಂತು, ಎರಡು ಕೈಯಲ್ಲಿ ಎರಡು ಜಾಲರಿ ಹಿಡಿದು ಒಂದೊಂದನ್ನೂ ಎತ್ತಿದಳು. ಇದೊಂದು ಸರಿಹೋದರೆ ಕೆಂಗೇರಿ ಕಡೆಯೆಲ್ಲ ಹೆಸರಾಗುತ್ತೆ ಎಂದಳು. ಅವಳು ಹಾಗೆ ಆಸೆಯಿಂದ ಮಾತಾಡಿದ್ದನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ. ಆಟೋ ಹೇಳಲೇ ಎಂದೂ ಕೇಳಿದಳು. ಮನೆಯಲ್ಲೇ ಆನೆಯಂಥ ಗಾಡಿ ಇಟ್ಟುಕೊಂಡು ಆಟೋ ಯಾಕೆ ಎಂದವನು ನಾನು.

ಬೆಳಗ್ಗೆ ಏಳಕ್ಕೆ ಹೊರಟೆವು. ಮರಳಿನ ಮೂಟೆಗಳ ಮೇಲೆ ಎರಡು ಹಾಸಿಗೆ, ಹಾಸಿಗೆಯ ಮೇಲೆ ಚಕ್ಕುಲಿಯ ಬುಟ್ಟಿಗಳು. ಬಾಪೂಜಿ ನಗರ ಕಳೆದು ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿ ಹತ್ತಿರ ಬರುವಷ್ಟರಲ್ಲಿ ಗಾಡಿಗೆ ಉಸಿರು ಕಟ್ಟಿತು. ಪೆಡಲನ್ನು ನೆಲಕ್ಕೆ ಒತ್ತಿದರೂ ಸೈಕಲ್ಲಿನವನು ನಮ್ಮನ್ನು ದಾಟಿ ಹೋದ. ಗುಡ್ಡ ಹತ್ತುವ, ಹೊಳೆ ದಾಟುವ ಗಾಡಿ ಫ್ಲೈಓವರಿನ ಬುಡದಲ್ಲಿ ನಿಂತುಕೊಂಡಿತು. ಹಿಂದಿನವರೆಲ್ಲ ಹಾರ್ನ್ ಒತ್ತಿದರು. ಒಬ್ಬ ಕಿಟಕಿಯ ಹತ್ತಿರ ಬಗ್ಗಿ, "ಏನಣ್ಣ, ಇಷ್ಟು ದೊಡ್ಡ ಗಾಡಿ ಇಟ್ಕೊಂಡು" ಎಂದಷ್ಟೇ ಹೇಳಿ ಹೋದ. ಮಿಕ್ಕದ್ದನ್ನು ನಾನೇ ತುಂಬಿಕೊಂಡೆ.

ಗಿರಿಜೆಯೇ ಇಳಿದು ಎರಡು ಆಟೋ ನಿಲ್ಲಿಸಿದಳು. ರಸ್ತೆ ಮಧ್ಯದಲ್ಲಿ, ಆ ಗಡಿಬಿಡಿಯಲ್ಲಿ, ಬುಟ್ಟಿಗಳನ್ನು ಇಳಿಸಿ ಹತ್ತಿಸಿದ್ದಾಯಿತು. ಛತ್ರದಲ್ಲಿ ತೆರೆದು ನೋಡಿದಾಗ ಇಡಿಯಾಗಿ ಉಳಿದದ್ದು ಆರು. ಮದುವೆ ಹುಡುಗಿಯ ಅಜ್ಜಿ ಜಾಣೆ. ತುಂಡುಗಳನ್ನು ಕೆಳಗೆ ಹರಡಿ, ಇಡೀ ಚಕ್ಕುಲಿಗಳನ್ನು ಮೇಲೆ ಜೋಡಿಸಿ, ಅದರ ಮೇಲೊಂದು ಹೂವಿನ ದಂಡೆ ಹಾಕಿ ಬೀಗರ ಮುಂದಿಟ್ಟರಂತೆ. ಮಾನವೇನೋ ಉಳಿಯಿತು, ಆದರೆ ಅದು ಗಿರಿಜೆಯಿಂದ ಉಳಿದದ್ದಾಗಲಿಲ್ಲ. ಅವಳು ಮನೆಗೆ ಬಂದು ಕೈಕಾಲು ತೊಳೆದು ಮರುದಿನದ ಹಿಟ್ಟು ಕಲಸಲು ಕೂತಳು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಗಾಡಿಯನ್ನು ಎಳೆಸಿಕೊಂಡು ಹೋದದ್ದು ಬಾಪೂಜಿ ನಗರದ ಒಂದು ಗ್ಯಾರೇಜಿಗೆ. ಬಾನೆಟ್ಟಿನೊಳಗಿಂದ ತಲೆ ಎತ್ತಿದ ಮೆಕ್ಯಾನಿಕ್ ನನ್ನನ್ನು ನೋಡಿ ಕೈ ಒರೆಸಿಕೊಂಡು ನಮಸ್ಕಾರ ಮಾಡಿದ. ನನ್ನ ಹಳೆಯ ವಿದ್ಯಾರ್ಥಿ ಮಂಜುನಾಥ. ನಲವತ್ತಾಗಿರಬೇಕು, ತಲೆ ನನಗಿಂತ ಬೆಳ್ಳಗಾಗಿದೆ. ಅವನು ಮೊದಲು ಮಾಡಿದ ಕೆಲಸವೆಂದರೆ ಒಂದು ಬಟ್ಟೆಯನ್ನು ಒದ್ದೆ ಮಾಡಿ ಅತ್ತೆಯ ಕುಂಕುಮವನ್ನು ಒರೆಸಿದ್ದು. ಹಿಂದೆ ಹಳದಿ ದೀಪವೊಂದು ಉರಿಯುತ್ತಿತ್ತು. ಹೊಸ ಕಾಲದ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಒಂದು ಫಿಲ್ಟರ್ ಇರುತ್ತದಂತೆ, ಮಸಿಯನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದಂತೆ. ಗಾಡಿ ದೂರ ಓಡಿ ಚೆನ್ನಾಗಿ ಕಾದರೆ ಆ ಮಸಿ ತಾನಾಗಿ ಸುಟ್ಟುಹೋಗುತ್ತದೆ, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡಿದೆ ಎಂದು ಹೇಳುವುದಕ್ಕೇ ಆ ದೀಪ. ದಿನಕ್ಕೆ ಎಷ್ಟು ಓಡಿಸ್ತೀರಿ ಸಾರ್ ಎಂದು ಕೇಳಿದ. ಮೂರು ಕಿಲೋಮೀಟರ್ ಎಂದೆ, ಹೋಗಿ ಬರುವುದೂ ಸೇರಿ. ಅವನು ನಗಲಿಲ್ಲ. ಹಾಗಾದರೆ ಡೀಸೆಲ್ ತಗೊಂಡಿದ್ದೇ ತಪ್ಪಾ ಎಂದು ಕೇಳಿದೆ.

"ಡೀಸೆಲ್ ತಪ್ಪಲ್ಲ ಸಾರ್. ಹಾಸನದಿಂದ ಆಲೂಗಡ್ಡೆ ತರೋರಿಗೆ ಈ ಗಾಡಿ ಬಂಗಾರ. ಅರ್ಧ ದೇಶ ಇದರ ಮೇಲೇ ನಡೀತಾ ಇದೆ. ಇಲ್ಲೇ ಓಡಾಡೋರಿಗೆ ಆಗಲ್ಲ ಅಷ್ಟೆ. ಗಾಡಿಗೆ ಬೇಜಾರಾಗುತ್ತೆ" ಎಂದ.

ಆ ಕೊನೆಯ ವಾಕ್ಯವನ್ನು ನಾನು ಮೊದಲೇ ಓದಿದ್ದೆ. ಮಂಜುನಾಥನ ಅಪ್ಪ ಲಾರಿ ಡ್ರೈವರ್. ಹತ್ತನೇ ತರಗತಿಯ ಕಿರುಪರೀಕ್ಷೆಯಲ್ಲಿ, ಡೀಸೆಲ್ ಎಂಜಿನ್ನಿನ ಎರಡು ಅನುಕೂಲಗಳನ್ನು ಬರೆಯಿರಿ ಎಂದು ಎರಡು ಅಂಕದ ಪ್ರಶ್ನೆ ಕೊಟ್ಟಿದ್ದೆ. ಈ ಹುಡುಗ ಬರೆದದ್ದು: ದೂರ ಹೋಗುವವರಿಗೆ ಡೀಸೆಲ್ ಒಳ್ಳೆಯದು, ಇಲ್ಲೇ ಓಡಾಡುವವರು ತೆಗೆದುಕೊಂಡರೆ ಗಾಡಿಗೆ ಬೇಜಾರಾಗುತ್ತದೆ. ನಾನು ಅದರ ಸುತ್ತ ಕೆಂಪು ಶಾಯಿಯಲ್ಲಿ ವೃತ್ತ ಎಳೆದು ಸೊನ್ನೆ ಹಾಕಿದ್ದೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ತರಗತಿಯಲ್ಲಿ ಎಲ್ಲರ ಮುಂದೆ ಓದಿ, ಗಾಡಿಗೆ ಬೇಜಾರಾಗುತ್ತಂತೆ, ಯಾರಾದ್ರೂ ಸಮಾಧಾನ ಮಾಡ್ರೋ ಎಂದೂ ಹೇಳಿದ್ದೆ. ಅರವತ್ತು ಮಕ್ಕಳು ನಕ್ಕಿದ್ದರು. ಹಾಗೆ ನಗಿಸಬಲ್ಲ ಮೇಷ್ಟ್ರು ಎಂದು ನನಗೆ ಶಾಲೆಯಲ್ಲಿ ಒಳ್ಳೆಯ ಹೆಸರೂ ಇತ್ತು. ಈಗ ಅವನಿಗೆ ಅದು ನೆನಪಿದೆಯೋ ಇಲ್ಲವೋ ಮುಖ ನೋಡಿದರೆ ಗೊತ್ತಾಗಲಿಲ್ಲ, ಕೇಳುವ ಧೈರ್ಯವೂ ನನಗಿರಲಿಲ್ಲ.

ಫಿಲ್ಟರನ್ನು ಶುಚಿಮಾಡಿ ಕೊಟ್ಟು ಅವನು ಹೇಳಿದ ಪಥ್ಯ ಹೀಗಿದೆ: ವಾರಕ್ಕೊಮ್ಮೆಯಾದರೂ ಗಾಡಿಯನ್ನು ಹೈವೇಗೆ ಕರೆದುಕೊಂಡು ಹೋಗಿ, ಮುಕ್ಕಾಲು ಗಂಟೆ ಎಲ್ಲೂ ನಿಲ್ಲಿಸದೆ ಓಡಿಸಬೇಕು. ಅಂದಿನಿಂದ ನಮ್ಮ ಭಾನುವಾರಗಳು ಗಾಡಿಯ ಪಾಲಾದವು. ಜನ ನಾಯಿಯನ್ನು ವಾಕಿಂಗ್ ಕರೆದೊಯ್ಯುವ ಹೊತ್ತಿಗೆ ನಾನು ಪಿಕಪ್ಪನ್ನು ಕರೆದೊಯ್ಯುತ್ತೇನೆ. ಕೆಂಗೇರಿ ದಾಟಿ, ಬಿಡದಿ ದಾಟಿ, ರಾಮನಗರದ ಬಂಡೆಗಳು ಕಂಡ ಮೇಲೆ ಹಿಂದಿರುಗುವುದು. ಮಸಿ ಸುಡುವುದಕ್ಕೆ ಡೀಸೆಲ್ ಸುಡುವ ಈ ಕೆಲಸದಲ್ಲಿ ಎಲ್ಲಿಗೆ ಹೋಗಿದ್ದಿರಿ ಎಂದು ಯಾರಾದರೂ ಕೇಳಿದರೆ ಹೇಳುವುದಕ್ಕೂ ಏನಿಲ್ಲ. ಮಾರಿಬಿಡೋಣವೆಂದರೆ, ನೋಡಲು ಬಂದವರೆಲ್ಲ ಯಾಕೆ ಮಾರುತ್ತೀರಿ ಎಂದು ಕೇಳುತ್ತಾರೆ. ನಿಜ ಹೇಳಿದರೆ ಹೋಗಿಬಿಡುತ್ತಾರೆ, ಸುಳ್ಳು ಹೇಳಲು ನನಗೆ ಬಾಯಿ ಬರುವುದಿಲ್ಲ. ಇಪ್ಪತ್ತೆಂಟು ವರ್ಷ ರಾಜಾಜಿನಗರಕ್ಕೆ ಹೋಗಿ ಬಂದದ್ದು ಬಿಟ್ಟರೆ ಎಲ್ಲಿಗೂ ಹೋಗದ ಮನುಷ್ಯ ನಾನು. ದೂರ ಹೋಗುವ ಎಂಜಿನ್ ನನಗೇಕೆ ಬೇಕಾಯಿತು ಎಂದು ಆ ಹೈವೇಯಲ್ಲಿ ಒಬ್ಬನೇ ಕೂತು ಯೋಚಿಸಿದರೆ ಅಳು ಬರುತ್ತದೆ. ಅಳುತ್ತಲೂ ಗಾಡಿ ನಿಲ್ಲಿಸುವಂತಿಲ್ಲ, ಮುಕ್ಕಾಲು ಗಂಟೆ ಆಗಬೇಕು.

ಹೋದ ತಿಂಗಳು ಆ ಮದುವೆ ಹುಡುಗಿಯ ಮನೆಯವರೇ ಮತ್ತೆ ಬಂದರು. ಅವಳಿಗೆ ಸೀಮಂತ, ಅದೇ ಛತ್ರ, ಅದೇ ತಟ್ಟೆಯಗಲದ ಚಕ್ಕುಲಿ. ಮುರಿದರೂ ಅಷ್ಟು ರುಚಿಯಿದ್ದದ್ದು ಮುರಿಯದಿದ್ದರೆ ಹೇಗಿರಬಹುದು ಎಂದು ಅಜ್ಜಿಯೇ ಹೇಳಿ ಕಳಿಸಿದ್ದರಂತೆ. ಗಿರಿಜೆಗೆ ಎರಡನೇ ಅವಕಾಶ ಸಿಕ್ಕಿತು. ನನಗೂ ಸಿಕ್ಕಿತೆಂದು ತಿಳಿದು, ನಾನು ಹಿಂದಿನ ದಿನವೇ ಗಾಡಿಯನ್ನು ತೊಳೆದು, ಬಿಡದಿಯವರೆಗೆ ಓಡಿಸಿ, ಮರಳಿನ ಮೂಟೆ ಸರಿಮಾಡಿ ನಿಲ್ಲಿಸಿದೆ. ಬೆಳಗ್ಗೆ ನೋಡಿದರೆ ಮನೆಯೆದುರು ಒಂದು ಬ್ಯಾಟರಿ ಆಟೋ ನಿಂತಿತ್ತು. ಸದ್ದಿಲ್ಲ, ಹೊಗೆಯಿಲ್ಲ, ಅಲ್ಲಾಟವೂ ಇಲ್ಲ. ಗಿರಿಜೆ ಬುಟ್ಟಿಗಳನ್ನು ಅದರಲ್ಲಿಟ್ಟು ತಾನೂ ಕೂತಳು.

"ನೀವು ಖಾಲಿ ಗಾಡಿ ತಗೊಂಡು ಹಿಂದೆ ಬನ್ನಿ. ಹೇಗೂ ಕೆಂಗೇರಿಯವರೆಗೂ ಓಡ್ಸಿದ ಹಾಗಾಗುತ್ತೆ" ಎಂದಳು.

ಹೋದೆ. ಇಪ್ಪತ್ತೊಂದು ಚಕ್ಕುಲಿಯೂ ಇಡಿಯಾಗಿ ತಲುಪಿದವು. ಛತ್ರದ ಬಾಗಿಲಲ್ಲಿ ಅವಳು ಅಜ್ಜಿಯ ಕೈಗೆ ತಟ್ಟೆ ಕೊಡುವಾಗ ಅವಳ ಮುಖ ನೋಡಬೇಕಿತ್ತು. ನಾನು ನೋಡಿದ್ದು ದೂರದಿಂದ. ಗಾಡಿಗೆ ಅಲ್ಲಿ ಜಾಗವಿಲ್ಲವೆಂದು ವಾಚ್‌ಮನ್ ಆಚೆ ಬೀದಿಗೆ ಕಳಿಸಿದ್ದ.

ಮರುದಿನ ಸರ್ವೀಸಿಗೆಂದು ಮಂಜುನಾಥನ ಹತ್ತಿರ ಹೋದೆ. ಅವನು ಗಾಡಿಯಡಿ ಮಲಗಿದ್ದ, ಮೇಜಿನ ಮೇಲೆ ನನ್ನ ಗಾಡಿಯ ಕಾರ್ಡು, ಪಕ್ಕದಲ್ಲಿ ಕೆಂಪು ಪೆನ್ನು. ದೋಷ ಎಂಬ ಜಾಗದಲ್ಲಿ, ಗಾಡಿಯಲ್ಲಿ ಏನೂ ಇಲ್ಲ ಎಂದು ಬರೆದಿದ್ದ. ಕ್ಷಮೆ ಕೇಳುವುದು ಮೇಷ್ಟ್ರುಗಳಿಗೆ ಬರುವುದಿಲ್ಲ, ಅಂಕ ಹಾಕುವುದು ಬರುತ್ತದೆ. ಪೆನ್ನು ತೆಗೆದುಕೊಂಡು ಅದರ ಪಕ್ಕದಲ್ಲಿ ಎರಡಕ್ಕೆ ಎರಡು ಎಂದು ಬರೆದು, ವೃತ್ತ ಎಳೆದು, ಸಹಿ ಹಾಕಿದೆ. ಅವನು ಎದ್ದು ಬಂದು ಕಾರ್ಡನ್ನು ನೋಡಿದ.

"ಅವತ್ತು ಒಂದೇ ಅನುಕೂಲ ಬರೆದಿದ್ದು ಸಾರ್ ನಾನು" ಎಂದ. "ಒಂದು ಮಾರ್ಕ್ ಸಾಕು."

ಎರಡನ್ನು ಹೊಡೆದು ಒಂದು ಮಾಡಿದೆ. ಅವನು ಕಾರ್ಡನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ನನ್ನ ಕೈಗೆ ಕೀಲಿ ಕೊಟ್ಟ. ಗ್ಯಾರೇಜಿನಿಂದ ಎಡಕ್ಕೆ ತಿರುಗಿದರೆ ಹತ್ತು ನಿಮಿಷಕ್ಕೆ ಮನೆ. ಅಷ್ಟು ಹತ್ತಿರಕ್ಕೆ ಈ ಗಾಡಿಯಲ್ಲಿ ಹೋಗಬಾರದೆಂದು ನೆನಪಾಗಿ, ಮನೆಗೆ ಬರುವುದು ತಡವಾಗುತ್ತದೆ ಎಂದು ಗಿರಿಜೆಗೆ ಫೋನು ಮಾಡಿ, ಬಲಕ್ಕೆ ತಿರುಗಿಸಿದೆ.